ಹೊಲದಲ್ಲಿ ಸತ್ತುಬಿದ್ದ ಚಿಗರಿ: ಮುಟ್ಟುವ ಮುನ್ನ ತಿಳಿಯಬೇಕಾದದ್ದು



ವನ್ಯಪ್ರಾಣಿಗಳ ರೋಗಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅರ್ಧ ಗಂಟೆಯ ಮಾತುಕತೆಯಲ್ಲಿ ತಜ್ಞರು ಎಲ್ಲವನ್ನೂ ಬಿಡಿಸಿ ಹೇಳಲು ಸಾಧ್ಯವಾಗುವುದಿಲ್ಲ. ಉಳಿದುಹೋದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸಿದ್ದೇನೆ. ಕಾರ್ಯಕ್ರಮಕ್ಕೆ ಬೇಕಾದ ದೃಶ್ಯಗಳನ್ನು ಚಿತ್ರೀಕರಿಸಲು ಶಹಾಪುರ ಮತ್ತು ಸುರಪುರದ ಕಡೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದಲೇ ಆರಂಭಿಸುತ್ತೇನೆ.

ಬೇಸಿಗೆಯ ಒಂದು ಮುಂಜಾನೆ. ತೊಗರಿ ಕೊಯ್ಲಾಗಿ ಬರಿದಾದ ಹೊಲದಲ್ಲಿ ಕುರಿ ಹಿಂಡೊಂದು ಮೇಯುತ್ತಿತ್ತು. ಕುರಿಗಳಿಗೆ ಲಸಿಕೆ ಹಾಕುವ ಕ್ರಮವನ್ನು ಕ್ಯಾಮೆರಾದ ಮುಂದೆ ವಿವರಿಸಲು ಪಶುವೈದ್ಯರೊಬ್ಬರು ನಮ್ಮೊಂದಿಗೆ ಬಂದಿದ್ದರು. ಹಿಂಡು ಕಾಯುತ್ತಿದ್ದ ಹದಿಮೂರು, ಹದಿನಾಲ್ಕು ವರ್ಷದ ಹುಡುಗ ಓಡಿ ಬಂದು, “ಸಾಹೇಬ್ರ, ಅಲ್ಲಿ ಚಿಗರಿ ಸತ್ತು ಬಿದ್ದದ ನೋಡ್ರಿ. ನಿನ್ನಿ ಸಂಜಿಮಟ ಚೊಲೊ ಮೇಯ್ತಿತ್ತು” ಎಂದ. ಸೊಂಟದಲ್ಲಿ ಕುಡುಗೋಲು ಇತ್ತು. ಅದರ ಕೊಂಬಿನ ಮೇಲೆ ಅವನಿಗೆ ಆಸೆ.

ಪಶುವೈದ್ಯರು ಅಷ್ಟು ದೂರದಿಂದಲೇ ಕೂಗಿದರು: “ತಮ್ಮಾ, ಹಿಂದಕ್ಕ ಸರಿ. ಕೈ ಹಚ್ಚಬ್ಯಾಡ.” ಅರಣ್ಯ ಇಲಾಖೆಯವರಿಗೆ ಸುದ್ದಿ ಹೋಯಿತು. ಅವರು ಬಂದ ಮೇಲೆ ವೈದ್ಯರು ಕೈಗವಸು ಹಾಕಿಕೊಂಡು, ಪ್ರಾಣಿಯ ಮೂಗು, ಬಾಯಿ ನೋಡಿ, ಕಿವಿಯ ತುದಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರು ಹುಡುಕುತ್ತಿದ್ದ ರೋಗಾಣು ಅದರಲ್ಲಿ ಇರಲಿಲ್ಲ. ಹಿಂಗಾಲಿನ ಮೇಲೆ ನಾಯಿಗಳು ಕಚ್ಚಿದ ಗುರುತುಗಳಿದ್ದವು.

ವಿಷಯ ತಿಳಿದ ಹುಡುಗ ಕೇಳಿದ: “ಹಂಗಾದ್ರ ಅಷ್ಟು ಅಂಜೋದೇನಿತ್ರಿ?” ವೈದ್ಯರ ಉತ್ತರ ಹೀಗಿತ್ತು: “ಕೊಯ್ದ ಮ್ಯಾಲ ತಿಳದ್ರ ಏನು ಉಪಯೋಗ, ತಮ್ಮಾ?”

ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತೂ ಇದೇ. ಓಡಾಡುವ ಚಿಗರಿಯಿಂದ ನಮಗೆ ರೋಗದ ಭಯ ತೀರ ಕಡಿಮೆ. ಕಾರಣ ತಿಳಿಯದೆ ಸತ್ತ ಪ್ರಾಣಿಯ ಮೇಲೆ ಕತ್ತಿ ಆಡಿಸಿದಾಗ ಅಪಾಯ ಆರಂಭವಾಗುತ್ತದೆ. ಏಕೆ ಎಂಬುದನ್ನು ನೋಡೋಣ.

ಚಿಗರಿ, ಕುರಿ ಮತ್ತು ಒಂದೇ ನೀರು

ಯಾದಗಿರಿ, ಶಹಾಪುರ, ಸುರಪುರದ ಜನ ಚಿಗರಿ ಎಂದು ಕರೆಯುವ ಪ್ರಾಣಿ ಕೃಷ್ಣಮೃಗ. ಮಾತಿನಲ್ಲಿ ಅದನ್ನು ಜಿಂಕೆ ಎಂದರೂ ಪ್ರಾಣಿಶಾಸ್ತ್ರದ ಪ್ರಕಾರ ಅದು ಜಿಂಕೆಯಲ್ಲ, ಹುಲ್ಲೆ. ಚುಕ್ಕೆಜಿಂಕೆ, ಕಡವೆಗಳಂಥ ನಿಜವಾದ ಜಿಂಕೆಗಳ ಗಂಡುಗಳಿಗೆ ಕವಲೊಡೆದ ಕೊಂಬುಗಳಿರುತ್ತವೆ. ಅವು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತವೆ. ಕೃಷ್ಣಮೃಗದ ಗಂಡಿನ ತಿರುಚಿದ ಕೊಂಬು ಕವಲೊಡೆಯುವುದೂ ಇಲ್ಲ, ಉದುರುವುದೂ ಇಲ್ಲ. ದನ, ಎಮ್ಮೆ, ಕುರಿ, ಆಡುಗಳು ಸೇರಿದ ಕುಟುಂಬಕ್ಕೇ ಅದೂ ಸೇರುತ್ತದೆ. ಅಂದರೆ ಸಂಬಂಧದಲ್ಲಿ ಚಿಗರಿಯು ಚುಕ್ಕೆಜಿಂಕೆಗಿಂತ ನಮ್ಮ ಕುರಿಗೇ ಹತ್ತಿರ. ಕುರಿಯನ್ನು ಕಾಡುವ ರೋಗಾಣುಗಳಲ್ಲಿ ಹಲವು ಚಿಗರಿಯನ್ನೂ ಕಾಡುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನೆಲದ ವಿಷಯ. ಹಿಂದೆ ಗುಲ್ಬರ್ಗ ಜಿಲ್ಲೆಯ ಭಾಗವಾಗಿದ್ದು 2010ರಲ್ಲಿ ಬೇರೆ ಜಿಲ್ಲೆಯಾದ ಯಾದಗಿರಿಯಲ್ಲಿ ಕೃಷ್ಣಾ ಮತ್ತು ಭೀಮಾ ನದಿಗಳಿವೆ, ವಿಶಾಲವಾದ ಎರೆಭೂಮಿ ಇದೆ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರ ಭಾಗದ ಹಲವು ಊರುಗಳಲ್ಲಿ ಭತ್ತದ ಗದ್ದೆಗಳು ಬಂದವು. ಕಾಲುವೆ ಮುಟ್ಟದ ಕಡೆ ಇಂದಿಗೂ ತೊಗರಿ, ಜೋಳ, ಹತ್ತಿ, ಶೇಂಗಾ. ದಟ್ಟ ಕಾಡು ಕಡಿಮೆ. ಚಿಗರಿಗೆ ಬೇಕಾದದ್ದು ಬಯಲು. ಅದು ಹುಲ್ಲುಗಾವಲಿನ ಪ್ರಾಣಿ. ಹುಲ್ಲುಗಾವಲು ಹೊಲವಾದಾಗ ಅದು ಹೊಲದಲ್ಲೇ ಉಳಿಯಿತು. ಎಳೆಯ ಬೆಳೆ ಮೇಯುವ ಕಾರಣಕ್ಕೆ ರೈತರಿಗೆ ಅದರ ಮೇಲೆ ಕೋಪವಿದೆ, ಆ ಕೋಪಕ್ಕೆ ಕಾರಣವೂ ಇದೆ.

ಅದೇ ಬಯಲಿನಲ್ಲಿ ಕುರಿಗಾರರ ಹಿಂಡುಗಳೂ ಇವೆ. ದಖ್ಖನಿ ಮತ್ತು ಕೆಂಗುರಿ ತಳಿಯ ಕುರಿಗಳು ಮೇವು ಹುಡುಕಿಕೊಂಡು ಊರಿಂದೂರಿಗೆ ಸಾಗುತ್ತವೆ. ಗೊಬ್ಬರಕ್ಕಾಗಿ ರೈತರು ರಾತ್ರಿ ಹೊತ್ತು ತಮ್ಮ ಹೊಲದಲ್ಲೇ ಹಿಂಡನ್ನು ನಿಲ್ಲಿಸಿಕೊಳ್ಳುತ್ತಾರೆ. ಹಗಲು ಕುರಿ ಮೇಯ್ದ ಹೊಲದಲ್ಲಿ ನಸುಕಿನಲ್ಲಿ ಚಿಗರಿ ಮೇಯುತ್ತದೆ. ಬೇಸಿಗೆ ಬಂದು ಹಳ್ಳಗಳು ಬತ್ತಿದಾಗ ಉಳಿದ ಒಂದೇ ಗುಂಡಿಯ ನೀರನ್ನು ದನ, ಕುರಿ, ಚಿಗರಿ, ನಾಯಿ ಎಲ್ಲವೂ ಕುಡಿಯುತ್ತವೆ. ರೋಗಾಣು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಲು ಇಂಥ ಸ್ಥಳಗಳೇ ಸೇತುವೆ.

ಬೆಳಗಾವಿಯಲ್ಲಿ ನಡೆದದ್ದು

ಬ್ಯಾಕ್ಟೀರಿಯ ರೋಗವೊಂದು ಕೃಷ್ಣಮೃಗಗಳನ್ನು ಎಷ್ಟು ಬೇಗ ಕೊಲ್ಲಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಳಗಾವಿ ಬಳಿಯ ಭೂತರಾಮನಹಟ್ಟಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯವಿದೆ. 2025ರ ನವೆಂಬರ್ ತಿಂಗಳಿನ ಮಧ್ಯಭಾಗದಲ್ಲಿ ಅಲ್ಲಿನ 38 ಕೃಷ್ಣಮೃಗಗಳ ಪೈಕಿ 31 ಕೆಲವೇ ದಿನಗಳಲ್ಲಿ ಸತ್ತವು. ಕಾರಣ ಗಳಲೆ ರೋಗ ಎಂದು ಪತ್ತೆಯಾಯಿತು. ಇಂಗ್ಲಿಷಿನಲ್ಲಿ ಇದನ್ನು ಹೆಮರೇಜಿಕ್ ಸೆಪ್ಟಿಸೀಮಿಯ ಎನ್ನುತ್ತಾರೆ. ಎಮ್ಮೆ ಸಾಕುವ ಮನೆಗಳಲ್ಲಿ ಇದು ಹೊಸ ಹೆಸರಲ್ಲ. ಮಳೆಗಾಲದ ಆರಂಭದಲ್ಲಿ ಎಮ್ಮೆಗೆ ಜೋರು ಜ್ವರ ಬಂದು, ಗಂಟಲು ಊದಿ, ಉಸಿರು ಕಟ್ಟಿ, ಒಂದೇ ದಿನದಲ್ಲಿ ಸಾಯುವ ರೋಗ ಇದು.

ಇದಕ್ಕೆ ಕಾರಣವಾದ ಬ್ಯಾಕ್ಟೀರಿಯದ ಹೆಸರು ಪಾಶ್ಚುರೆಲ್ಲಾ ಮಲ್ಟೊಸಿಡಾ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರ ನೆನಪಿಗಾಗಿ ಇಟ್ಟ ಹೆಸರು. ಇದರ ಸ್ವಭಾವ ವಿಚಿತ್ರವಾದದ್ದು. ಆರೋಗ್ಯವಾಗಿರುವ ಕೆಲವು ಪ್ರಾಣಿಗಳ ಗಂಟಲಿನಲ್ಲಿ ಇದು ಯಾವ ತೊಂದರೆಯನ್ನೂ ಮಾಡದೆ ತಿಂಗಳುಗಟ್ಟಲೆ ಇರಬಲ್ಲದು. ಪ್ರಾಣಿ ದಣಿದಾಗ, ಹವೆ ಒಮ್ಮೆಲೇ ಬದಲಾದಾಗ, ಮೇವು ಕಡಿಮೆಯಾದಾಗ, ಇಕ್ಕಟ್ಟಿನಲ್ಲಿ ಕೂಡಿಹಾಕಿದಾಗ ಅದೇ ಬ್ಯಾಕ್ಟೀರಿಯ ರಕ್ತಕ್ಕೆ ನುಗ್ಗಿ ಮಾರಕವಾಗುತ್ತದೆ.

ಬಯಲಿನಲ್ಲಿ ಸ್ವತಂತ್ರವಾಗಿ ಓಡಾಡುವ ಪ್ರಾಣಿಗಳಿಗೂ ಇದರಿಂದ ವಿನಾಯಿತಿ ಇಲ್ಲ. 2015ರ ಮೇ ತಿಂಗಳಲ್ಲಿ ಕಜಕಸ್ತಾನದ ಹುಲ್ಲುಗಾವಲಿನಲ್ಲಿ ಸೈಗಾ ಎಂಬ ಹುಲ್ಲೆಗಳು ಮರಿ ಹಾಕಲು ಸೇರಿದ್ದವು. ಮೂರು ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತವು. ಅದು ಜಗತ್ತಿನ ಒಟ್ಟು ಸೈಗಾಗಳ ಅರ್ಧಕ್ಕಿಂತ ಹೆಚ್ಚು. ಕಾರಣ ಇದೇ ಪಾಶ್ಚುರೆಲ್ಲಾ. ಆ ದಿನಗಳಲ್ಲಿ ಅಲ್ಲಿ ಎಂದಿಗಿಂತ ಹೆಚ್ಚು ಸೆಕೆ, ಹೆಚ್ಚು ತೇವಾಂಶ ಇದ್ದುದನ್ನು ವಿಜ್ಞಾನಿಗಳು ಗುರುತಿಸಿದರು.

ಗಳಲೆ ರೋಗದಿಂದ ಮನುಷ್ಯರಿಗೆ ಅಪಾಯ ತೀರ ಕಡಿಮೆ. ಆದರೆ ಎಮ್ಮೆ, ದನಗಳಿಗೆ ಇದು ಯಮನೇ ಸರಿ. ಒಂದು ಸಮಾಧಾನವೆಂದರೆ ಈ ಬ್ಯಾಕ್ಟೀರಿಯ ಪ್ರಾಣಿಯ ದೇಹದ ಹೊರಗೆ ಬಹಳ ಕಾಲ ಬದುಕುವುದಿಲ್ಲ. ಬಿಸಿಲಿಗೆ, ಒಣಗಾಳಿಗೆ ಬೇಗ ಸಾಯುತ್ತದೆ. ಎಲ್ಲ ಬ್ಯಾಕ್ಟೀರಿಯಗಳೂ ಹೀಗೆ ಸಾಯುವುದಿಲ್ಲ ಎಂಬುದೇ ನಮ್ಮ ಮುಂದಿನ ವಿಷಯ.

ನೆರಡಿ: ಕೊಯ್ದರೆ ಹುಟ್ಟುವ ಬೀಜ

ಆ ದಿನ ಪಶುವೈದ್ಯರು ಒಂದು ಹನಿ ರಕ್ತದಲ್ಲಿ ಹುಡುಕುತ್ತಿದ್ದದ್ದು ನೆರಡಿ ರೋಗದ ಬ್ಯಾಕ್ಟೀರಿಯವನ್ನು. ಇಂಗ್ಲಿಷಿನಲ್ಲಿ ಇದು ಆಂಥ್ರಾಕ್ಸ್. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಇದ್ದಿಲು ಎಂದು ಅರ್ಥ. ಮನುಷ್ಯರ ಚರ್ಮದ ಮೇಲೆ ಈ ರೋಗ ಉಂಟುಮಾಡುವ ಕಪ್ಪು ಹಕ್ಕಳೆಯಿಂದ ಆ ಹೆಸರು ಬಂತು.

ಕುರಿ, ದನ, ಹುಲ್ಲೆ, ಜಿಂಕೆ ಹೀಗೆ ಮೇಯುವ ಪ್ರಾಣಿಗಳೆಲ್ಲಕ್ಕೂ ನೆರಡಿ ಬರುತ್ತದೆ. ರೋಗ ಬಂದದ್ದು ಗೊತ್ತಾಗುವಷ್ಟರಲ್ಲಿ ಪ್ರಾಣಿ ಸತ್ತಿರುತ್ತದೆ. ಸಂಜೆ ಮೇಯುತ್ತಿದ್ದ ಕುರಿ ಬೆಳಗಾಗುವಷ್ಟರಲ್ಲಿ ಬಿದ್ದಿರುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಬಹುದು. ಹೊಟ್ಟೆ ಬೇಗ ಉಬ್ಬುತ್ತದೆ. ಸತ್ತ ಮೇಲೆ ಸಾಮಾನ್ಯವಾಗಿ ಆಗುವಂತೆ ದೇಹ ಪೂರ್ತಿ ಸೆಟೆದುಕೊಳ್ಳುವುದಿಲ್ಲ. ಆದರೆ ಈ ಚಿಹ್ನೆಗಳೆಲ್ಲ ಪ್ರತಿ ಸಲವೂ ಕಾಣುತ್ತವೆ ಎಂದಿಲ್ಲ. ಆದ್ದರಿಂದ “ರಕ್ತ ಸೋರಿಲ್ಲ, ಹೆದರಿಕೆ ಇಲ್ಲ” ಎಂದು ತೀರ್ಮಾನಿಸುವುದು ತಪ್ಪು.

ಈಗ ಮುಖ್ಯ ಭಾಗಕ್ಕೆ ಬರೋಣ. ನೆರಡಿಯಿಂದ ಸತ್ತ ಪ್ರಾಣಿಯ ಒಂದೊಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಸಣ್ಣ ಕಡ್ಡಿಗಳ ಸರದಂತೆ ಕಾಣುತ್ತವೆ. ಈ ರೂಪದಲ್ಲಿರುವಾಗ ಅವು ಅಷ್ಟೇನೂ ಗಟ್ಟಿ ಜೀವಿಗಳಲ್ಲ. ಸತ್ತ ದೇಹದ ಒಳಗೆ ಆಮ್ಲಜನಕ ಇರುವುದಿಲ್ಲ. ಕರುಳಿನಿಂದ ಹೊರಟ ಕೊಳೆಸುವ ಬ್ಯಾಕ್ಟೀರಿಯಗಳು ಇವುಗಳ ಮೇಲೆ ಏರಿಬರುತ್ತವೆ. ಕಳೇಬರವನ್ನು ಕೊಯ್ಯದೆ ಬಿಟ್ಟರೆ ನಮ್ಮ ಕಡೆಯ ಬಿಸಿಲಿನಲ್ಲಿ ಒಳಗಿರುವ ನೆರಡಿ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ನಾಶವಾಗುತ್ತವೆ.

ಯಾರಾದರೂ ಹೊಟ್ಟೆ ಸೀಳಿದರೆ, ತೊಗಲು ಸುಲಿದರೆ, ಅಥವಾ ನಾಯಿ ಹರಿದು ತಿಂದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ರಕ್ತ ನೆಲಕ್ಕೆ ಹರಿಯುತ್ತದೆ, ಗಾಳಿಗೆ ತೆರೆದುಕೊಳ್ಳುತ್ತದೆ. ಆಮ್ಲಜನಕ ಸಿಕ್ಕಿದ ಕೂಡಲೇ ಬ್ಯಾಕ್ಟೀರಿಯ ತನ್ನ ಸಾರವನ್ನೆಲ್ಲ ಒಂದು ಗಟ್ಟಿ ಕವಚದೊಳಗೆ ತುಂಬಿಕೊಂಡು ಸ್ಪೋರು, ಅಂದರೆ ಬೀಜಾಣು ಆಗುತ್ತದೆ. ಈ ಬೀಜಾಣು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಬಿಸಿಲು, ಚಳಿ, ಬರ ಯಾವುದೂ ಅದನ್ನು ಸುಲಭವಾಗಿ ಕೊಲ್ಲಲಾರದು. ಮತ್ತೊಂದು ಪ್ರಾಣಿಯ ದೇಹ ಸೇರಿದಾಗ ಮೊಳೆತು ಮತ್ತೆ ಬ್ಯಾಕ್ಟೀರಿಯವಾಗುತ್ತದೆ. ಈ ಜೀವನಚಕ್ರವನ್ನು 1876ರಲ್ಲಿ ಜಗತ್ತಿಗೆ ತೋರಿಸಿದವರು ಜರ್ಮನಿಯ ವೈದ್ಯ ರಾಬರ್ಟ್ ಕಾಖ್. ಒಂದು ನಿರ್ದಿಷ್ಟ ಬ್ಯಾಕ್ಟೀರಿಯ ಒಂದು ನಿರ್ದಿಷ್ಟ ರೋಗಕ್ಕೆ ಕಾರಣ ಎಂದು ಸಿದ್ಧವಾದದ್ದು ನೆರಡಿಯ ಈ ಅಧ್ಯಯನದಿಂದಲೇ.

ಬೀಜಾಣು ಎಷ್ಟು ಕಾಲ ಕಾಯಬಲ್ಲದು? ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಬ್ರಿಟನ್ ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಸಣ್ಣ ದ್ವೀಪದಲ್ಲಿ ಕುರಿಗಳ ಮೇಲೆ ನೆರಡಿ ಬೀಜಾಣುಗಳನ್ನು ಪ್ರಯೋಗಿಸಿತು. ಆಮೇಲೆ ಆ ದ್ವೀಪಕ್ಕೆ ಜನ ಹೋಗದಂತೆ ನಿಷೇಧ ಹೇರಬೇಕಾಯಿತು. 1986ರಲ್ಲಿ ನೆಲವನ್ನೆಲ್ಲ ಫಾರ್ಮಾಲ್ಡಿಹೈಡ್ ಬೆರೆಸಿದ ಸಮುದ್ರದ ನೀರಿನಿಂದ ತೋಯಿಸಿ ಶುದ್ಧಮಾಡಿದರು. ದ್ವೀಪ ಸುರಕ್ಷಿತ ಎಂದು ಘೋಷಿಸಿದ್ದು 1990ರಲ್ಲಿ, ಅಂದರೆ 48 ವರ್ಷಗಳ ನಂತರ. ಒಂದು ಹೊಲಕ್ಕೆ ಇಂಥ ಗತಿ ಬಂದರೆ ಅದನ್ನು ಶುದ್ಧಮಾಡುವ ಶಕ್ತಿ ಯಾವ ರೈತನಿಗಿದೆ?

ಎರೆಮಣ್ಣು ಮತ್ತು ಮೊದಲ ಮಳೆ

ನೆರಡಿ ಬೀಜಾಣುಗಳು ಎಲ್ಲ ಮಣ್ಣಿನಲ್ಲೂ ಒಂದೇ ಸಮನೆ ಉಳಿಯುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ, ಕ್ಷಾರಗುಣದ, ಸಾವಯವ ಪದಾರ್ಥವಿರುವ ಮಣ್ಣು ಅವಕ್ಕೆ ಹಿತ. ಮಳೆನೀರು ಹರಿದು ಬಂದು ನಿಲ್ಲುವ ತಗ್ಗುಗಳಲ್ಲಿ ಅವು ಸೇರಿಕೊಳ್ಳುತ್ತವೆ. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶವೂ ಕ್ಷಾರಗುಣವೂ ಇರುವುದನ್ನು ಭೂಗೋಳ ಪಾಠದಲ್ಲಿ ಓದಿದ್ದೀರಿ. ಎರೆಭೂಮಿಯಲ್ಲೆಲ್ಲ ನೆರಡಿ ಇದೆ ಎಂದು ಇದರ ಅರ್ಥವಲ್ಲ. ಒಮ್ಮೆ ಬಂದರೆ ಬೇಗ ಹೋಗುವುದಿಲ್ಲ ಎಂದಷ್ಟೇ ಅರ್ಥ.

ನೆರಡಿ ಕಾಣಿಸಿಕೊಳ್ಳುವ ಕಾಲವನ್ನೂ ಗಮನಿಸಿ. ದೀರ್ಘ ಬೇಸಿಗೆಯಲ್ಲಿ ಹುಲ್ಲು ಗಿಡ್ಡವಾಗುತ್ತದೆ. ಪ್ರಾಣಿಗಳು ಬೇರಿನ ಸಮೀಪದವರೆಗೆ ಕಚ್ಚಿ ಮೇಯುವಾಗ ಮಣ್ಣೂ ಬಾಯಿಗೆ ಹೋಗುತ್ತದೆ. ಒಣ ಕೂಳೆ, ಮುಳ್ಳುಗಳು ಬಾಯಲ್ಲಿ ಸಣ್ಣ ಗಾಯ ಮಾಡುತ್ತವೆ. ಆಮೇಲೆ ಜೋರಾಗಿ ಮಳೆ ಬಂದರೆ ಮಣ್ಣಿನ ಆಳದ ಬೀಜಾಣುಗಳು ಮೇಲೆ ಬರುತ್ತವೆ, ತಗ್ಗಿಗೆ ಹರಿಯುತ್ತವೆ. ಅದೇ ತಗ್ಗಿನಲ್ಲಿ ಮೊದಲ ಹಸಿರು ಚಿಗುರುತ್ತದೆ. ಕುರಿಯೂ ಚಿಗರಿಯೂ ಮೊದಲು ಓಡುವುದು ಅಲ್ಲಿಗೇ.

ಫ್ರಾನ್ಸಿನ ಕುರಿಗಾರರು ಕೆಲವು ಹೊಲಗಳನ್ನು ಶಾಪ ತಟ್ಟಿದ ಹೊಲಗಳೆಂದು ಕರೆಯುತ್ತಿದ್ದರಂತೆ. ಅಲ್ಲಿ ಮೇಯಿಸಿದ ಕುರಿಗಳು ಸಾಯುತ್ತಿದ್ದವು. ಪಾಶ್ಚರ್ ವಿಚಾರಿಸಿದಾಗ ಹಿಂದೆ ನೆರಡಿಯಿಂದ ಸತ್ತ ಪ್ರಾಣಿಗಳನ್ನು ಅಲ್ಲಿ ಹೂತಿದ್ದ ಸಂಗತಿ ಹೊರಬಿತ್ತು. ಶಾಪವೆಂದು ಕರೆದದ್ದು ಮಣ್ಣಿನೊಳಗೆ ಕಾಯುತ್ತಿದ್ದ ಬೀಜಾಣುವನ್ನು.

ಮನುಷ್ಯನಿಗೆ ಬರುವುದು ಹೇಗೆ?

ಮೂರು ದಾರಿಗಳಿವೆ. ಮೊದಲನೆಯದು ಚರ್ಮ. ಸತ್ತ ಪ್ರಾಣಿಯನ್ನು ಸುಲಿಯುವವನ, ಮಾಂಸ ಕೊಯ್ಯುವವನ ಕೈಮೇಲಿನ ಸಣ್ಣ ಗಾಯದಿಂದ ಬೀಜಾಣು ಒಳಹೋಗುತ್ತದೆ. ಸಾಮಾನ್ಯವಾಗಿ ಒಂದರಿಂದ ಏಳು ದಿನಗಳಲ್ಲಿ ಸೊಳ್ಳೆ ಕಚ್ಚಿದಂಥ ತುರಿಸುವ ಗುಳ್ಳೆ ಏಳುತ್ತದೆ. ಅದು ನೀರುಗುಳ್ಳೆಯಾಗಿ, ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ಸುತ್ತ ಊತವಿರುತ್ತದೆ, ಆದರೆ ಹುಣ್ಣಿನಲ್ಲಿ ನೋವಿರುವುದಿಲ್ಲ. ನೋವಿಲ್ಲವೆಂದು ಜನ ಉದಾಸೀನ ಮಾಡುತ್ತಾರೆ. ಮನುಷ್ಯರಲ್ಲಿ ಕಾಣುವ ನೆರಡಿಯಲ್ಲಿ ಬಹುಪಾಲು ಈ ಬಗೆಯದೇ. ಬೇಗ ವೈದ್ಯರ ಹತ್ತಿರ ಹೋದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಗಳಿಂದ ಪೂರ್ಣ ಗುಣವಾಗುತ್ತದೆ. ಔಷಧವಿಲ್ಲದೆ ಬಿಟ್ಟರೆ ಐವರಲ್ಲಿ ಒಬ್ಬರ ಪ್ರಾಣಕ್ಕೆ ಅಪಾಯ.

ಎರಡನೆಯದು ಹೊಟ್ಟೆ. ಸತ್ತ ಪ್ರಾಣಿಯ ಮಾಂಸ ತಿಂದರೆ ಕರುಳಿಗೆ ರೋಗ ತಗಲುತ್ತದೆ. ಇದು ಹೆಚ್ಚು ಅಪಾಯಕಾರಿ. ಚೆನ್ನಾಗಿ ಬೇಯಿಸಿದರೆ ಸಾಲದೇ ಎಂದು ಕೇಳಬಹುದು. ಬೀಜಾಣು ಬಿಸಿಗೂ ಜಗ್ಗದ ಜೀವ, ಅಡಿಗೆಯ ಕುದಿಯನ್ನು ನಂಬಲಾಗದು. ಮಿಗಿಲಾಗಿ ಬೇಯಿಸುವ ಮುಂಚೆ ಕೊಯ್ದ ಕೈ, ತೊಳೆದ ಪಾತ್ರೆ, ರಕ್ತ ಬಿದ್ದ ನೆಲ ಇವೆಯಲ್ಲ?

ಮೂರನೆಯದು ಉಸಿರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುತ್ತಿದ್ದ ಕಾರ್ಮಿಕರು ಧೂಳಿನೊಡನೆ ಬೀಜಾಣು ಸೇವಿಸಿ ಸಾಯುತ್ತಿದ್ದರು. ಇದು ಬಹಳ ಅಪರೂಪ, ಆದರೆ ಅತ್ಯಂತ ಮಾರಕ. ರೋಗದಿಂದ ಸತ್ತ ಕುರಿಯ ಉಣ್ಣೆಯನ್ನು ಕತ್ತರಿಸಿ ಕಂಬಳಿಯ ನೂಲಿಗೆ ಬಳಸಬಾರದು ಎನ್ನುವುದು ಈ ಕಾರಣಕ್ಕೆ.

ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ನೆರಡಿ ಹರಡುವುದು ಇಲ್ಲವೆಂದೇ ಹೇಳಬಹುದು. ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

2022ರ ಜೂನ್‌ನಲ್ಲಿ ಕೇರಳದ ಅತಿರಪ್ಪಳ್ಳಿ ಕಾಡಿನಲ್ಲಿ ಸತ್ತ ಹಂದಿಗಳಲ್ಲಿ ನೆರಡಿ ಪತ್ತೆಯಾದಾಗ ಅವುಗಳನ್ನು ಹೂಳಲು ಹೋಗಿದ್ದವರ ಮೇಲೆ ಆರೋಗ್ಯ ಇಲಾಖೆ ನಿಗಾ ಇಟ್ಟಿತು. 2016ರ ಬೇಸಿಗೆಯಲ್ಲಿ ರಷ್ಯದ ಯಮಾಲ್ ಪ್ರದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ನೆರಡಿಯಿಂದ ಸತ್ತವು. ಅವುಗಳನ್ನು ಸಾಕುವ ಅಲೆಮಾರಿ ಕುಟುಂಬಗಳ ಅನೇಕರು ಆಸ್ಪತ್ರೆ ಸೇರಿದರು. ಹನ್ನೆರಡು ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಅತಿಯಾದ ಸೆಕೆಗೆ ಹೆಪ್ಪುಗಟ್ಟಿದ ನೆಲ ಕರಗಿ ಹಳೆಯ ಬೀಜಾಣುಗಳು ಹೊರಬಂದವು ಎಂಬುದು ಒಂದು ಕಾರಣ. ಆದರೆ 2007ರಲ್ಲಿ ಅಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನೇ ನಿಲ್ಲಿಸಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಬಹುಕಾಲ ರೋಗ ಕಾಣದಿದ್ದಾಗ ಲಸಿಕೆ ಏಕೆ ಎನ್ನಿಸುವುದು ಸಹಜ. ಬೀಜಾಣುವಿಗೆ ಬೇಕಾದದ್ದೂ ಆ ಮರೆವೇ.

ಇನ್ನೆರಡು ರೋಗಗಳು

ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್, ದನ, ಕುರಿ, ಆಡುಗಳಲ್ಲಿ ಗರ್ಭಪಾತಕ್ಕೆ ಕಾರಣ. ಮೇಯುವ ವನ್ಯಪ್ರಾಣಿಗಳಿಗೂ ಇದು ತಗಲಬಲ್ಲದು. ಕಂದು ಹಾಕಿದ ಕುರಿಯ ಮಾಸು, ನೀರು, ಸತ್ತ ಮರಿಗಳಲ್ಲಿ ಬ್ಯಾಕ್ಟೀರಿಯ ತುಂಬಿರುತ್ತದೆ. ಅವನ್ನು ಬರಿಗೈಯಲ್ಲಿ ಎತ್ತುವ ಕುರಿಗಾರನಿಗೂ ಹಸಿಹಾಲು ಕುಡಿಯುವ ಮಕ್ಕಳಿಗೂ ರೋಗ ಬರುತ್ತದೆ. ಬಂದು ಹೋಗಿ ಮಾಡುವ ಜ್ವರ, ಬೆವರು, ಕೀಲುನೋವು, ಸುಸ್ತು ಇದರ ಲಕ್ಷಣಗಳು. ಟೈಫಾಯಿಡ್, ಮಲೇರಿಯ ಎಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು. ಕುರಿ ಸಾಕುವ ಮನೆಯವರು ಜ್ವರಕ್ಕೆ ವೈದ್ಯರ ಬಳಿ ಹೋದಾಗ “ನಮ್ಮಲ್ಲಿ ಕುರಿಗಳಿವೆ, ಇತ್ತೀಚೆಗೆ ಕಂದು ಹಾಕಿವೆ” ಎಂದು ತಾವಾಗಿಯೇ ಹೇಳುವುದು ಒಳ್ಳೆಯದು.

ಇಲಿಜ್ವರದ ಬ್ಯಾಕ್ಟೀರಿಯ ಇಲಿ, ದನ, ನಾಯಿ, ಜಿಂಕೆ ಮೊದಲಾದ ಪ್ರಾಣಿಗಳ ಮೂತ್ರದ ಮೂಲಕ ನೀರು ಸೇರುತ್ತದೆ. ಕಾಲಿನ ಗಾಯದೊಡನೆ ಗದ್ದೆಯ ಕೆಸರಿಗೆ, ನಿಂತ ನೀರಿಗೆ ಇಳಿದವರಿಗೆ ತಗಲುತ್ತದೆ. ಹೆಸರೇ ಹೇಳುವಂತೆ ಇದರಲ್ಲಿ ದೊಡ್ಡ ಪಾತ್ರ ಇಲಿ, ಹೆಗ್ಗಣಗಳದ್ದು. ಚಿಗರಿಯನ್ನು ಇದಕ್ಕೆ ದೂರುವುದು ನ್ಯಾಯವಲ್ಲ.

ಯಾರಿಂದ ಯಾರಿಗೆ?

ಕಾರ್ಯಕ್ರಮದ ನಂತರ ಬಂದ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಇತ್ತು: “ಹಾಗಾದರೆ ಚಿಗರಿಗಳನ್ನು ಓಡಿಸಿಬಿಟ್ಟರೆ ನಮ್ಮ ಕುರಿಗಳು ಉಳಿಯುತ್ತವೆಯೆ?”

ಇಲ್ಲ. ರೋಗ ಕಾಡಿನಿಂದ ಊರಿಗೆ ಬರುತ್ತದೆ ಎಂಬುದು ಅರ್ಧ ಸತ್ಯ. ಊರಿಂದ ಕಾಡಿಗೆ ಹೋಗುವುದೂ ಅಷ್ಟೇ ನಿಜ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಕಾಡೆಮ್ಮೆಗಳಲ್ಲಿ ಕಂದು ರೋಗ 1917ರಲ್ಲಿ ಮೊದಲು ಕಂಡಿತು. ಅದು ಅವಕ್ಕೆ ಬಂದದ್ದು ವಲಸಿಗರು ತಂದ ದನಗಳಿಂದ. ದಶಕಗಳ ಶ್ರಮದಿಂದ ಆ ದೇಶ ತನ್ನ ದನಗಳಲ್ಲಿ ರೋಗವನ್ನು ಬಹುತೇಕ ಇಲ್ಲವಾಗಿಸಿತು. ಆದರೆ ಈಗ ಅಲ್ಲಿನ ಎಲ್ಕ್ ಜಿಂಕೆಗಳಿಂದ ಅದು ಮತ್ತೆ ದನಗಳಿಗೆ ಬರುತ್ತಿದೆ. ಕೊಟ್ಟ ಸಾಲ ಮರಳಿ ಬಂದ ಹಾಗೆ.

ನಮ್ಮ ಬಯಲಿನಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಚಿಗರಿ ಗುಂಪಿನ ಎದುರಿಗೆ ಎಷ್ಟು ಕುರಿ, ದನ, ಎಮ್ಮೆಗಳಿವೆ? ಸಂಖ್ಯೆಯಲ್ಲಿ ನಾವು ಸಾಕಿದ ಪ್ರಾಣಿಗಳೇ ಬಹಳ ಹೆಚ್ಚು. ಲಸಿಕೆ ಇಲ್ಲದ ಹಿಂಡು ಸತ್ತ ಕುರಿಯನ್ನು ಹಳ್ಳದ ದಂಡೆಗೆ ಎಸೆದು ಮುಂದೆ ಹೋದರೆ ಆ ನೀರು ಕುಡಿಯುವ ಚಿಗರಿಗೆ ರೋಗ ನಾವು ಕೊಟ್ಟಂತಾಯಿತು. ಚಿಗರಿ ಸತ್ತು ಬಿದ್ದಾಗ ಅದನ್ನು ಅಪರಾಧಿಯಂತೆ ನೋಡುವ ಬದಲು ನೆಲದಲ್ಲೋ ನೀರಲ್ಲೋ ಏನೋ ಇದೆ ಎಂದು ನಮಗೆ ಮೊದಲು ತಿಳಿಸಿದ ಪ್ರಾಣಿ ಎಂದು ನೋಡುವುದು ಸರಿ. ಬೆಳೆ ಹಾನಿಯ ಪ್ರಶ್ನೆ ಬೇರೆ, ಅದಕ್ಕೆ ಬೇರೆ ಪರಿಹಾರ ಬೇಕು. ಎರಡನ್ನೂ ಬೆರೆಸಿದರೆ ಎರಡೂ ಬಗೆಹರಿಯುವುದಿಲ್ಲ.

ಸತ್ತ ಚಿಗರಿ ಕಂಡರೆ ಏನು ಮಾಡಬೇಕು?

ಮೊದಲನೆಯದಾಗಿ, ಮುಟ್ಟಬೇಡಿ, ಎಳೆಯಬೇಡಿ, ಕೊಂಬು ತೊಗಲುಗಳ ಆಸೆಗೆ ಕೊಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದರ ಕೊಂಬು ಇಟ್ಟುಕೊಳ್ಳುವುದು ಅಪರಾಧ. ಕಾನೂನೂ ವಿಜ್ಞಾನವೂ ಇಲ್ಲಿ ಒಂದೇ ಮಾತು ಹೇಳುತ್ತವೆ.

ಎರಡನೆಯದಾಗಿ, ಕುರಿ, ದನ, ನಾಯಿಗಳನ್ನು ಆ ಜಾಗದಿಂದ ದೂರಕ್ಕೆ ಹೊಡೆಯಿರಿ. ಸಾಧ್ಯವಾದರೆ ದೂರ ನಿಂತೇ ಜಾಲಿಮುಳ್ಳಿನ ಟೊಂಗೆಗಳನ್ನು ಸುತ್ತ ಹಾಕಿ, ನಾಯಿ ನರಿಗಳು ಹರಿಯದಂತೆ ತಡೆಯಿರಿ.

ಮೂರನೆಯದಾಗಿ, ದೊಡ್ಡವರಿಗೆ ಹೇಳಿ ಅರಣ್ಯ ಇಲಾಖೆಯ ಸಿಬ್ಬಂದಿಗೂ ಹತ್ತಿರದ ಪಶು ಆಸ್ಪತ್ರೆಗೂ ಸುದ್ದಿ ಮುಟ್ಟಿಸಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ನೆರಡಿಯ ಅನುಮಾನವಿದ್ದರೆ ವೈದ್ಯರೂ ಕಳೇಬರವನ್ನು ಕೊಯ್ದು ಪರೀಕ್ಷಿಸುವುದಿಲ್ಲ, ಕಿವಿಯ ಒಂದು ಹನಿ ರಕ್ತ ಸಾಕು. ಸುಡುವುದೋ ಆಳವಾಗಿ ಹೂಳುವುದೋ ಎಂಬುದನ್ನು ಅವರೇ ನಿರ್ಧರಿಸುತ್ತಾರೆ.

ನಾಲ್ಕನೆಯದಾಗಿ, ಯಾರಾದರೂ ಈಗಾಗಲೇ ಮುಟ್ಟಿದ್ದರೆ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ಕೈ ತೊಳೆದು, ಆರೋಗ್ಯ ಕೇಂದ್ರಕ್ಕೆ ಹೋಗಿ ವಿಷಯ ತಿಳಿಸಲಿ. ಬೈಗುಳಕ್ಕೆ ಹೆದರಿ ಮುಚ್ಚಿಡುವುದೇ ದೊಡ್ಡ ಅಪಾಯ.

ಕುರಿ, ದನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸತ್ತ ಕುರಿಯೆಂದರೆ ಕುರಿಗಾರನಿಗೆ ಸಾವಿರಾರು ರೂಪಾಯಿ ನಷ್ಟ. ಮಾಂಸ, ತೊಗಲನ್ನಾದರೂ ಮಾರಿ ಸ್ವಲ್ಪ ಗಿಟ್ಟಿಸೋಣ ಎನ್ನಿಸುವುದು ಬಡತನದ ಸಹಜ ಲೆಕ್ಕ. ಆದರೆ ಆ ನಾಲ್ಕು ಕಾಸಿನ ಜತೆ ಮನೆಗೆ ಏನು ಬರಬಹುದೆಂದು ಈಗ ನಿಮಗೆ ಗೊತ್ತು.

ಲಸಿಕೆಯ ಬಲ

1881ರಲ್ಲಿ ಪಾಶ್ಚರ್ ಪುಯಿ ಲ ಫೋರ್ ಎಂಬ ಊರಿನಲ್ಲಿ ಜನರೆದುರಿಗೇ ಒಂದು ಪ್ರಯೋಗ ಮಾಡಿದರು. ಕುರಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಲಸಿಕೆ ಹಾಕಿದರು. ಅನಂತರ ಎರಡೂ ಗುಂಪಿಗೆ ನೆರಡಿಯ ಬ್ಯಾಕ್ಟೀರಿಯ ಚುಚ್ಚಿದರು. ಲಸಿಕೆ ಪಡೆದ ಕುರಿಗಳು ಬದುಕಿದವು, ಪಡೆಯದ ಕುರಿಗಳು ಸತ್ತವು. ಇಂದು ಪ್ರಾಣಿಗಳಿಗೆ ಬಳಸುವ ನೆರಡಿ ಲಸಿಕೆ 1930ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ಮ್ಯಾಕ್ಸ್ ಸ್ಟರ್ನ್ ಅವರು ಕಂಡುಹಿಡಿದದ್ದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ನೆರಡಿ, ಗಳಲೆ ಮುಂತಾದ ರೋಗಗಳ ಲಸಿಕೆಗಳನ್ನು ತಯಾರಿಸುತ್ತಾರೆ. ಕಂದು ರೋಗಕ್ಕೆ ಹೆಣ್ಣು ಕರುಗಳಿಗೆ ಲಸಿಕೆ ಹಾಕುವ ರಾಷ್ಟ್ರ ಮಟ್ಟದ ಕಾರ್ಯಕ್ರಮ 2019ರಲ್ಲಿ ಆರಂಭವಾಯಿತು.

ಬಯಲಿನ ಚಿಗರಿಗಳನ್ನು ಹಿಡಿದು ಸೂಜಿ ಚುಚ್ಚುವುದು ಆಗುವ ಮಾತಲ್ಲ. ಹಿಡಿಯುವ ಗಾಬರಿಗೇ ಅವು ಸಾಯಬಹುದು. ಆದರೆ ಅವುಗಳ ಜತೆ ಮೇಯುವ ಕುರಿ ದನಗಳಿಗೆ ಮಳೆಗಾಲದ ಮುಂಚೆ ಪಶುವೈದ್ಯರು ಹೇಳಿದ ಲಸಿಕೆ ಹಾಕಿಸಿದರೆ ರೋಗಕ್ಕೆ ದಾರಿಯೇ ಕಡಿಮೆಯಾಗುತ್ತದೆ. ಕುರಿಗೆ ಹಾಕಿದ ಲಸಿಕೆ ಕುರಿಗಾರನ ಮಗನನ್ನೂ ಕಾಯುತ್ತದೆ, ಚಿಗರಿಯನ್ನೂ ಕಾಯುತ್ತದೆ.

ನೀವೇ ಮಾಡಿ ನೋಡಿ

ನಿಮ್ಮ ಊರಿನ ನಕ್ಷೆಯೊಂದನ್ನು ಬರೆಯಿರಿ. ಬೇಸಿಗೆಯಲ್ಲೂ ನೀರು ಉಳಿಯುವ ಜಾಗಗಳು, ಮಳೆನೀರು ನಿಲ್ಲುವ ತಗ್ಗುಗಳು, ಹಿಂಡುಗಳು ಸಾಗುವ ದಾರಿ, ಚಿಗರಿ ಕಾಣುವ ಹೊಲಗಳು, ಸತ್ತ ದನಗಳನ್ನು ಹಾಕುವ ಸ್ಥಳ ಇಷ್ಟನ್ನೂ ಗುರುತಿಸಿ. ಯಾವ ಯಾವ ಗುರುತುಗಳು ಒಂದರ ಮೇಲೊಂದು ಬರುತ್ತವೆ ನೋಡಿ. ಊರಿನ ಹಿರಿಯ ಕುರಿಗಾರರನ್ನು, “ಮುತ್ಯಾ, ಯಾವ ಜಾಗದಾಗ ಕುರಿ ಮೇಸಬಾರದು ಅಂತಿದ್ರು?” ಎಂದು ಕೇಳಿ ಬರೆದುಕೊಳ್ಳಿ. ಪಶು ಆಸ್ಪತ್ರೆಗೆ ಹೋಗಿ ಈ ವರ್ಷ ಯಾವ ಲಸಿಕೆ ಯಾವ ತಿಂಗಳಲ್ಲಿ ಹಾಕುತ್ತಾರೆ ಎಂದು ವಿಚಾರಿಸಿ, ಶಾಲೆಯ ಗೋಡೆಫಲಕದಲ್ಲಿ ಹಾಕಿ.

ನಾವು ಹೊರಡುವಾಗ ಆ ಹುಡುಗ ಕುಡುಗೋಲಿನಿಂದ ಜಾಲಿ ಟೊಂಗೆ ಕಡಿದು ಕುರಿಮರಿಗಳ ದೊಡ್ಡಿಗೆ ಹಾಕುತ್ತಿದ್ದ. ಅವನ ಕೈಯಲ್ಲಿ ಎರಡು ಮೂರು ಕಡೆ ಮುಳ್ಳು ಗೀರಿದ ಹಸಿ ಗಾಯಗಳಿದ್ದವು. ಬೆಳಗ್ಗೆ ಅದೇ ಕೈಯಿಂದ ಅವನು ಚಿಗರಿಯ ಕೊಂಬು ಬಿಡಿಸಲು ಹೊರಟಿದ್ದ. ಆ ದಿನ ಅದರ ರಕ್ತದಲ್ಲಿ ನೆರಡಿ ಇರಲಿಲ್ಲ. ಇದ್ದಿದ್ದರೂ, ಕೊಯ್ಯುವ ಮುಂಚೆ ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ.